ಏನಿಲ್ಲ ಎಂಬ ಕಾಲಂ

ಆಸ್ಟಿನ್ ಟೌನ್ ಮೈದಾನದಲ್ಲಿ, ಗೋಲ್‌ಕಂಬದ ಹಿಂದೆ,
ನನಗೊಂದು ಪ್ಲಾಸ್ಟಿಕ್ ಕುರ್ಚಿ, ಮಡಿಲಲ್ಲಿ ಉದ್ದನೆ ರಿಜಿಸ್ಟರು.
ತಲೆಗೊಂದು ಸಾಲು. ಬೇರೆ ಕಡೆ ಅದು ಮಾತಿನ ರೀತಿ,
ಇಲ್ಲಿ ನಿಜಕ್ಕೂ ತಲೆ:
ತಾರೀಖು, ಎಷ್ಟನೇ ನಿಮಿಷ, ಬಡಿದದ್ದು ಏತಕ್ಕೆ,
ಮೊಣಕೈಗೋ, ಕಂಬಕ್ಕೋ, ಇನ್ನೊಂದು ತಲೆಗೋ,
ಮಾರ್ಚಿಗೆ ಕಲ್ಲಾಗುವ ಈ ಕೆಂಪು ನೆಲಕ್ಕೋ.

ಬಿದ್ದವರನ್ನು ಕೇಳಬೇಕಾದ ಪ್ರಶ್ನೆ ಐದು.
ಇದು ಯಾವ ಗ್ರೌಂಡು? ಈಗ ಯಾವ ಹಾಫ್?
ಕೊನೆಯ ಗೋಲು ಯಾರದು?
ಹೋದ ವಾರ ಯಾರ ಮೇಲೆ ಆಡಿದಿರಿ? ಗೆದ್ದಿರಾ?

ಒಂದನ್ನೂ ಕೇಳುವ ಮೊದಲೇ ಉತ್ತರ ಬರುತ್ತದೆ:
ಏನಿಲ್ಲ ಮೇಡಂ.
ಚಡ್ಡಿಯ ಧೂಳು ಕೊಡವುತ್ತ, ಏನಿಲ್ಲ.
ಗೆರೆಯಾಚೆ ಬಾಗಿ ವಾಂತಿ ಮಾಡಿ, ಬಾಯೊರೆಸಿಕೊಂಡು, ಏನಿಲ್ಲ.
ಆ ಕಡೆಯಿಂದ ಜಯಶೀಲನ್ ಕೋಚು:
ಏನಿಲ್ಲ, ತಲೆಗೆ ನೀರು ಹಾಕ್ರೋ, ಎದ್ದೇಳ್ತಾನೆ.

ಮೊದಲ ಸೀಸನ್ನಿನಲ್ಲಿ ನಾನು ಬರೆದದ್ದು ಮೂರು.
ಎರಡನೆಯದರಲ್ಲಿ ಹತ್ತೊಂಬತ್ತು.
ನೋಡಿ, ಅಂದರು ಕಾರ್ಯದರ್ಶಿ,
ನೀವು ಬಂದ ಮೇಲೇ ಹುಡುಗರಿಗೆ ತಲೆ ಸುತ್ತೋಕೆ ಶುರುವಾಗಿದ್ದು.
ಸಾರ್, ದೀಪ ಹಚ್ಚಿದವಳೇ
ಜೇಡರ ಬಲೆ ನೇಯ್ದಳು ಅಂತೀರಾ?
ಅವರು ನಕ್ಕರು. ಟೀ ತರಿಸಿದರು.
ಗ್ರಾಫನ್ನು ನಾಲ್ಕು ಮಡಿಕೆ ಮಾಡಿ
ಅಲುಗುವ ಟೇಬಲಿನ ಕಾಲಿಗೆ ಕೊಟ್ಟರು.

ನೀಲಸಂದ್ರದ ಕ್ಲಬ್ಬು ತಿಂಗಳು ತಿಂಗಳೂ ಸೊನ್ನೆ ಕಳಿಸುತ್ತದೆ,
ದುಂಡಗೆ, ಅಂದವಾಗಿ, ಸಹಿ ಸಮೇತ.
ಅವರ ಸೆಂಟರ್ ಬ್ಯಾಕ್‌ಗೆ ಹುಬ್ಬಿನ ಮೇಲೆ ಆರು ಹೊಲಿಗೆ.
ಏನೂ ಆಗದ್ದಕ್ಕೂ ಸೊನ್ನೆ, ಯಾರೂ ಕೇಳದ್ದಕ್ಕೂ ಸೊನ್ನೆ,
ಬರೆಯುವ ಕೈಗೆ ಎರಡೂ ಒಂದೇ ಸುತ್ತು.

ಹುಡುಗಿಯರ ಟೀಮಿನಲ್ಲಿ ಆಟ ಅರ್ಧ, ಏಟು ದುಪ್ಪಟ್ಟು.
ಹೆಣ್ಣುಮಕ್ಕಳ ತಲೆ ಮೆದು ಎಂದರು ಒಬ್ಬರು.
ಕತ್ತು ಸಪೂರ ಎಂದರು ಇನ್ನೊಬ್ಬರು.
ಇರಬಹುದು. ಅಥವಾ ಕೇಳಿದರೆ
ಅವರು ಹೇಳುತ್ತಾರೆ, ಅಷ್ಟೇ ಇರಬಹುದು.
ಪೆನ್ಸಿಲಿನಲ್ಲೊಂದು ಪ್ರಶ್ನೆಯ ಕೊಕ್ಕೆ ಹಾಕಿ ಪುಟ ತಿರುವಿದೆ.
ಎರಡು ವರ್ಷದಿಂದ ಅದು ಅಲ್ಲೇ ನೇತಾಡುತ್ತಿದೆ.

ಮೂವತ್ತೊಂದನೆಯ ಸಾಲು ಸಗಾಯ, ಗೋಲಿ, ಹದಿನೇಳು.
ಅರವತ್ತಮೂರನೇ ನಿಮಿಷ, ಯಾರದೋ ಮೊಣಕಾಲು, ಎಡ ಕಣತಲೆ.
ಐದಕ್ಕೆ ಐದೂ ಸರಿ ಹೇಳಿದ.
'ಸರಿ' ಎಂದು ಬರೆದು, ಪೆನ್ನು ಮುಚ್ಚುತ್ತ, ಸುಮ್ಮನೆ,
ಫಾರಮ್ಮಿನಲ್ಲಿ ಇಲ್ಲದ್ದು ಕೇಳಿದೆ:
ಮನೆಗೆ ಹೇಗೆ ಹೋಗ್ತೀಯಪ್ಪ?
ಲಿಂಗರಾಜಪುರದ ಬಸ್ಸು, ಅಂದ.
ಅವನಕ್ಕ ಜಸಿಂತಾ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು.
ಅವರ ಮನೆ ಇದೇ ಮೈದಾನದ ಗೋಡೆಯಾಚೆ.
ಲಿಂಗರಾಜಪುರ ಬಿಟ್ಟಾಗ ಅವನಿಗೆ ಆರು ವರ್ಷ.

ಮಂಗಳವಾರವೂ ಬಿದ್ದಿದ್ದನಂತೆ, ಆಮೇಲೆ ತಿಳಿಯಿತು.
ಅದು ಪ್ರಾಕ್ಟೀಸು. ಪ್ರಾಕ್ಟೀಸಿನ ಏಟಿಗೆ
ನಾನೇ ಗೆರೆ ಎಳೆದ ಪುಟದಲ್ಲಿ ಜಾಗವಿರಲಿಲ್ಲ.
ಮೂರು ವಾರ ಅವನು ಕಿಟಕಿಗೆ ಕಂಬಳಿ ಕಟ್ಟಿಸಿಕೊಂಡು ಮಲಗಿದ.
ನಾನು ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದೆ.

ಮೊನ್ನೆ, ಎಲ್ಲರೂ ಹೋದ ಮೇಲೆ, ನೆಟ್ಟು ಸುತ್ತಿಟ್ಟು,
ಜಯಶೀಲನ್ ಬಂದು ನೆಲದ ಮೇಲೇ ಕೂತರು.
ನಂದೂ ಒಂದು ಬರ್ಕೊಳ್ಳಿ.
ತಾರೀಖು? ನೆನಪಿಲ್ಲ. ನಿಮಿಷ? ಇಲ್ಲ.
ಯಾವ ಗ್ರೌಂಡು ಅಂದಾಗ ಸುತ್ತ ನೋಡಿದರು, ಇದೇ ಇರ್ಬೇಕು.
ಯಾರ ಮೇಲೆ?
ಎದುರು ಟೀಮಿನ ಹನ್ನೊಂದು ಹೆಸರೂ ಹೇಳಿದರು,
ಗೋಲಿಯಿಂದ ಹಿಡಿದು, ತಡವರಿಸದೆ.
ಗೆದ್ದಿರಾ?

ಕಪ್ ಹಿಡ್ಕೊಂಡಿರೋ ಫೋಟೋ ಇದೆ ಮನೇಲಿ.
ನಡುವೆ ನಿಂತು ನಗ್ತಿರೋನು ನಾನೇ.
ದಿನಾ ನೋಡ್ತೀನಿ ಮೇಡಂ.

ರೋಡಿನ ಕಡೆಯಿಂದ ಬಂದಷ್ಟು ಬೆಳಕಿನಲ್ಲಿ
ಕಡೇ ಕಾಲಂನಲ್ಲಿ
ಅವರು ಹೇಳಿದ ಹಾಗೇ ಬರೆದೆ:
ಗೆದ್ವಂತೆ.